ಬದುಗಳಿಲ್ಲದ ಹೊಲ: ಲ್ಯಾಕ್ಸ್‌ಟನ್‌ನಲ್ಲಿ ಮಾವನ ಜೊತೆ ನಾಲ್ಕು ದಿನ

ಮೊದಲ ದಿನ, ಬುಧವಾರ

ಅತ್ತೆ ಮಾವ ಇಂಗ್ಲೆಂಡಿಗೆ ಬಂದದ್ದು ಮಗಳ ಬಾಣಂತನಕ್ಕೆ. ರೆಡಿಂಗ್‌ನ ನಮ್ಮ ಮನೆಯಲ್ಲಿ ಅತ್ತೆಗೆ ಕೈತುಂಬ ಕೆಲಸ. ಮಾವನಿಗೆ ಮಾತ್ರ ಹೊತ್ತೇ ಹೋಗುತ್ತಿರಲಿಲ್ಲ. ತಿಪಟೂರಿನ ಹತ್ತಿರ ಐದು ಎಕರೆ ಹೊಲ, ಒಂದಿಷ್ಟು ತೆಂಗು ಇಟ್ಟುಕೊಂಡು ನಲವತ್ತು ವರ್ಷ ಬೇಸಾಯ ಮಾಡಿದ ಜೀವ ಅದು. ಲಂಡನ್ ತೋರಿಸಿದೆ. ಅರಮನೆ, ಸೇತುವೆ, ದೊಡ್ಡ ಗಡಿಯಾರ ಎಲ್ಲ ನೋಡಿದರು. ರೈಲಿನಲ್ಲಿ ವಾಪಸ್ ಬರುವಾಗ ಕೇಳಿದರು: "ಎಲ್ಲಾ ಚೆನ್ನಾಗೈತೆ ಅಳಿಯಂದ್ರೇ. ಆದ್ರೆ ಇಲ್ಲಿ ರೈತರು ಎಲ್ಲಿರ್ತಾರೆ?"

ಆ ರಾತ್ರಿಯೇ ಲ್ಯಾಕ್ಸ್‌ಟನ್‌ಗೆ ಹೋಗೋಣ ಅಂತ ತೀರ್ಮಾನ ಮಾಡಿದೆ. ಆ ಊರಿಗೆ ಹೋಗಬೇಕು ಅನ್ನುವುದು ನನ್ನ ಹಳೇ ಆಸೆ. ನಾಟಿಂಗ್‌ಹ್ಯಾಮ್‌ಶೈರ್‌ನ ಪುಟ್ಟ ಹಳ್ಳಿ. ಒಂದು ಚರ್ಚು, ಒಂದು ಪಬ್, ರಸ್ತೆಯ ಎರಡೂ ಕಡೆ ಮನೆಗಳು, ಅಷ್ಟೇ. ಆದರೆ ಊರ ಸುತ್ತ ಮೂರು ದೊಡ್ಡ ಹೊಲಗಳಿವೆ. ಅವಕ್ಕೆ ಒಳಗೆ ಬೇಲಿಯಿಲ್ಲ, ಬದುವಿಲ್ಲ. ಒಂದೊಂದು ಹೊಲದಲ್ಲೂ ಹಲವು ರೈತರ ಪಟ್ಟಿಗಳು ಪಕ್ಕಪಕ್ಕದಲ್ಲೇ ಮಲಗಿವೆ. ಮಧ್ಯಯುಗದಲ್ಲಿ ಇಂಗ್ಲೆಂಡಿನ ಎಷ್ಟೋ ಹಳ್ಳಿಗಳು ಹೀಗೇ ಇದ್ದವು. ಈ ಪದ್ಧತಿಯನ್ನೂ, ಅದನ್ನು ನಡೆಸುವ ಊರ ನ್ಯಾಯಾಲಯವನ್ನೂ ಇವತ್ತಿಗೂ ಉಳಿಸಿಕೊಂಡಿರುವ ಊರು ಇದೊಂದೇ.

ನವೆಂಬರ್ ಕೊನೆಯ ವಾರ. ಪ್ರವಾಸಕ್ಕೆ ಯಾರೂ ಹೊರಡದ ಕಾಲ. ನಾನು ಬೇಕಂತಲೇ ಆ ವಾರ ಆರಿಸಿಕೊಂಡೆ. ಯಾಕೆ ಅಂತ ಮರುದಿನದ ಮಾತಿನಲ್ಲಿ ಬರುತ್ತದೆ.

ಎ1 ಹೆದ್ದಾರಿ ಹಿಡಿದು ನ್ಯೂವಾರ್ಕ್‌ಗೆ ಬಂದು, ಅಲ್ಲಿಂದ ನೀಸಲ್ ಕಡೆ ತಿರುಗಿದೆವು. ಮೂರೂವರೆಗೇ ಬೆಳಕು ಮಂಕಾಗತೊಡಗಿತು. ನಾಲ್ಕು ಗಂಟೆಗೆ ಇಲ್ಲಿ ಸೂರ್ಯ ಮುಳುಗಿಯೇ ಬಿಡುತ್ತಾನೆ. ರಸ್ತೆ ಕಿರಿದಾಯಿತು. ಎರಡೂ ಕಡೆ ಮುಳ್ಳುಬೇಲಿ, ಬೇಲಿಯ ಆಚೆ ಚೌಕ ಚೌಕ ಹೊಲಗಳು. ಲ್ಯಾಕ್ಸ್‌ಟನ್ ಹತ್ತಿರ ಬಂದಾಗ ಒಂದು ಕಡೆ ಬೇಲಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಕಣ್ಣು ಹಾಯುವಷ್ಟು ದೂರ ಬರೀ ಬಯಲು. ಮಾವ ಕಾರಿನ ಗಾಜು ಇಳಿಸಿದರು. ಮಣ್ಣಿನ ವಾಸನೆ ಒಳಗೆ ಬಂತು. ಮಳೆ ಬಿದ್ದು ನಿಂತ ಮೇಲಿನ ವಾಸನೆ.

"ಇದು ಒಬ್ಬಂದೇನಾ?" ಅಂದರು.

"ಅಲ್ಲ ಮಾವ, ಊರಿಗೆ ಊರೇ ಉಳೋದು."

ಉಳಿದುಕೊಂಡದ್ದು ಪಕ್ಕದಲ್ಲೇ ಒಂದು ತೋಟದ ಮನೆಯಲ್ಲಿ. ಅತ್ತೆ ಚಪಾತಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು ಕಟ್ಟಿ ಕಳಿಸಿದ್ದರು. ಮನೆಯಾಕೆ ಒಂದು ಜಗ್ ಬಿಸಿ ಹಾಲು ತಂದುಕೊಟ್ಟರು. ಮಾವ ಹುರಿಹಿಟ್ಟು ಕಲಸಿದ್ದನ್ನು ನಿಂತು ನೋಡಿ, ಏನು ಧಾನ್ಯ ಅಂತ ಕೇಳಿದರು. ಒಂದು ಚಮಚ ಬಾಯಿಗೂ ಹಾಕಿಕೊಂಡರು. ಮಾವನಿಗೆ ಅದೇ ದೊಡ್ಡ ಸಂತೋಷ.

ಎರಡನೆಯ ದಿನ, ಗುರುವಾರ

ಬೆಳಗ್ಗೆ ಎಂಟಾದರೂ ಸರಿಯಾಗಿ ಬೆಳಕಿರಲಿಲ್ಲ. ಊರೊಳಗೆ ನಡೆದೆವು. ಕೆಂಪು ಇಟ್ಟಿಗೆ ಗೋಡೆ, ಕೆಂಪು ಹೆಂಚು. ನಮ್ಮ ಮಲೆನಾಡು ಕರಾವಳಿ ಕಡೆಯ ಹೆಂಚಿನ ಮನೆಗಳ ನೆನಪು ಬರುತ್ತದೆ. ಆದರೆ ಮನೆಗಳು ನಿಂತ ರೀತಿ ಬೇರೆ. ಎಷ್ಟೋ ಮನೆಗಳು ರಸ್ತೆಗೆ ಮುಖ ಕೊಟ್ಟಿಲ್ಲ, ಪಕ್ಕೆ ಕೊಟ್ಟಿವೆ. ಹಿಂದೆ ಉದ್ದಕ್ಕೆ ಹಿತ್ತಲು, ಕೊಟ್ಟಿಗೆ, ಕಣಜ. ಇಂಗ್ಲೆಂಡಿನ ಬೇರೆ ಕಡೆ ರೈತನ ಮನೆ ಅವನ ಹೊಲದ ನಡುವೆ ಒಂಟಿಯಾಗಿ ಇರುವುದು ಜಾಸ್ತಿ. ಇಲ್ಲಿ ಹಾಗಿಲ್ಲ. ಪಟ್ಟಿಗಳು ಮೂರು ದಿಕ್ಕಿಗೆ ಹರಡಿರುವಾಗ ಯಾವ ಹೊಲದಲ್ಲಿ ಅಂತ ಮನೆ ಕಟ್ಟುವುದು? ಎಲ್ಲರ ಮನೆಯೂ ಊರಲ್ಲೇ. "ನಮ್ಮ ಹಂಗೇ," ಅಂದರು ಮಾವ. "ಬೆಳಗ್ಗೆ ಎದ್ದು ಊರಿಂದ ಹೊಲಕ್ಕೆ ಹೋಗೋದು."

ಪಬ್ಬಿನ ಹೆಸರು ಡವ್‌ಕೋಟ್ ಇನ್. ಅದರ ಪಕ್ಕದಲ್ಲಿ ಒಂದು ಸಣ್ಣ ಮಾಹಿತಿ ಕೇಂದ್ರ ಇದೆ. ಕಾಯುವವರು ಯಾರೂ ಇರಲಿಲ್ಲ, ಬಾಗಿಲು ತೆಗೆದುಕೊಂಡು ಒಳಗೆ ಹೋಗಿ ನೋಡಬಹುದು. ಅಲ್ಲಿ ನನ್ನ ಕಣ್ಣು ಹುಡುಕಿದ್ದು ಒಂದು ನಕ್ಷೆಯನ್ನು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಈ ಊರನ್ನು ಅಳೆದು ನಕ್ಷೆ ಬರೆದ. ಊರಿನ ಒಡೆಯ ಸರ್ ವಿಲಿಯಂ ಕೋರ್ಟೀನ್ ಬರೆಸಿದ್ದು. ಮೂಲ ನಕ್ಷೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಒಂದೊಂದು ಪಟ್ಟಿಯನ್ನೂ ಬಿಡದೆ ಗೆರೆ ಎಳೆದಿದ್ದಾನೆ. ನಡುನಡುವೆ ಉಳುವವರು, ಬಿತ್ತುವವರು, ಕೊಯ್ಯುವವರ ಪುಟ್ಟ ಚಿತ್ರಗಳು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಮ್ಮಲ್ಲಿ ಗ್ರಾಮನಕ್ಷೆ ಓದಿ ರೂಢಿ ಇರುವ ಕಣ್ಣು. ಬೆರಳನ್ನು ಗಾಳಿಯಲ್ಲೇ ಗೆರೆಗಳ ಮೇಲೆ ಓಡಿಸುತ್ತ, "ಒಬ್ಬಂಗೇ ಇಲ್ಲೊಂದು, ಅಲ್ಲೊಂದು, ಆ ಕಡೆ ಇನ್ನೊಂದು. ಹಿಸ್ಸೆ ಆದಂಗೈತೆ" ಅಂದರು.

ಹಿಸ್ಸೆ ಅನ್ನುವ ಮಾತು ಸರಿಯಾಗಿಯೇ ಇತ್ತು. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಮೇಲ್ಹೊಲದಲ್ಲೊಂದು ತುಂಡು, ಕೆಳಹೊಲದಲ್ಲೊಂದು ತುಂಡು ಅಂತ ಹಂಚಿಕೊಳ್ಳುತ್ತಾರಲ್ಲ, ಹಾಗೆಯೇ ಇಲ್ಲೂ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು, ನೀರು ನಿಲ್ಲುವ ತಗ್ಗು ಎಲ್ಲವೂ ಎಲ್ಲರಿಗೂ ಬರಲಿ ಅಂತ ಚದುರಿಸಿದ ಪಟ್ಟಿಗಳು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಎಷ್ಟೋ ಪಟ್ಟಿಗಳನ್ನು ಒಟ್ಟುಗೂಡಿಸಿ ಅಗಲ ಮಾಡಿದರು. ಆದರೂ ಪದ್ಧತಿ ಬಿಡಲಿಲ್ಲ.

ಪಟ್ಟಿ ಉದ್ದಕ್ಕೆ ಯಾಕಿರುತ್ತದೆ ಅಂತ ಹೇಳಲು ಹೋದೆ. ಮಾವನೇ ಹೇಳಿದರು: "ಎತ್ತು ತಿರುಗಿಸೋದೇ ಕಷ್ಟ ಅಲ್ವಾ? ಸಾಲು ಉದ್ದ ಆದಷ್ಟೂ ತಿರುವು ಕಮ್ಮಿ." ಇಲ್ಲಿನ ಹಳೇ ನೇಗಿಲಿಗೆ ಎಂಟು ಎತ್ತು ಕಟ್ಟುವುದೂ ಇತ್ತು. ಅಷ್ಟು ದೊಡ್ಡ ಸಾಲು ಎತ್ತನ್ನು ತಿರುಗಿಸುವುದು ಸುಲಭವಲ್ಲ. ಹಾಗಾಗಿ ಒಂದೇ ಉಸಿರಿಗೆ ಉಳುವಷ್ಟು ಉದ್ದವೇ ಒಂದು ಅಳತೆಯಾಯಿತು. ಫರೋ ಅಂದರೆ ನೇಗಿಲ ಸಾಲು. ಫರೋ ಉದ್ದ, ಫರ್ಲಾಂಗ್. ಈ ಮಾತು ಕೇಳಿ ಮಾವ ನಿಂತೇಬಿಟ್ಟರು. "ನಮ್ಮ ಹೊಲ ಊರಿಂದ ಮೂರು ಫರ್ಲಾಂಗು ಅಂತ ಹುಟ್ಟಿದಾಗಿಂದ ಹೇಳ್ತಿದೀನಿ. ಅದು ಎತ್ತಿನ ಲೆಕ್ಕ ಅಂತ ಗೊತ್ತೇ ಇರಲಿಲ್ಲ." ಎಕರೆಯೂ ಹಾಗೆಯೇ. ಒಂದು ಫರ್ಲಾಂಗ್ ಉದ್ದ, ಒಂದು ಚೈನು ಅಗಲ, ಅಂದರೆ 220 ಗಜಕ್ಕೆ 22 ಗಜ. ಒಂದು ದಿನದ ಉಳುಮೆ. 4,840 ಚದರ ಗಜ. ಅದನ್ನೇ ನಾವು 40 ಗುಂಟೆ ಮಾಡಿಕೊಂಡು ಪಹಣಿಯಲ್ಲಿ ಬರೆಸಿಕೊಂಡು ಕೂತಿದ್ದೇವೆ.

ಈಗ ನವೆಂಬರ್ ಯಾಕೆ ಅಂತ ಹೇಳುತ್ತೇನೆ. ಮೂರು ಹೊಲಗಳ ಹೆಸರು ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಂದು ವರ್ಷ ಗೋಧಿ, ಮರುವರ್ಷ ವಸಂತದಲ್ಲಿ ಬಿತ್ತುವ ಬೆಳೆ, ಮೂರನೇ ವರ್ಷ ಬೀಳು. ಹೀಗೆ ಸುತ್ತು. ಯಾರೂ ತಮಗೆ ಬೇಕಾದ್ದು ಬಿತ್ತುವ ಹಾಗಿಲ್ಲ, ಹೊಲಕ್ಕೆ ಹೊಲವೇ ಒಂದು ಬೆಳೆ. ಗೋಧಿ ಮೊಳೆತ ಮೇಲೆ, ನವೆಂಬರಿನ ಕೊನೇ ಗುರುವಾರ, ಊರಿನ ಜ್ಯೂರಿ ಆ ಹೊಲಕ್ಕೆ ಹೋಗಿ ಒಂದೊಂದು ಪಟ್ಟಿಯ ಗಡಿಯನ್ನೂ ನೋಡುತ್ತದೆ. ಜ್ಯೂರಿ ಅಂದರೆ ಊರಿನ ರೈತರೇ. ಯಾರಾದರೂ ಪಕ್ಕದವನ ಪಟ್ಟಿಗೆ ನುಗ್ಗಿದ್ದಾರಾ, ಊರ ದಾರಿಯನ್ನು ಉತ್ತುಕೊಂಡಿದ್ದಾರಾ, ಕಾಲುವೆ ತೋಡಿಲ್ಲವಾ ಅಂತ ಪರೀಕ್ಷೆ. ನಮ್ಮ ಕಡೆ ಮಾತಿನಲ್ಲಿ ಹೇಳುವುದಾದರೆ ಹದ್ದುಬಸ್ತು.

ಪಬ್ಬಿನ ಅಂಗಳದಲ್ಲಿ ಗಂಬೂಟು ಹಾಕಿಕೊಂಡ ಗುಂಪು ಸೇರಿತ್ತು. ನಾನು ಹೋಗಿ, ಇವರು ನಮ್ಮ ಮಾವ, ಭಾರತದಲ್ಲಿ ರೈತರು, ನೋಡಬಹುದಾ ಅಂತ ಕೇಳಿದೆ. ಚಪ್ಪಟೆ ಟೋಪಿ ಹಾಕಿದ ಒಬ್ಬ ಹಿರಿಯರು ಮಾವನ ಕೈ ಹಿಡಿದು ಕುಲುಕಿದರು. ಕುಲುಕಿದವರು ಆ ಅಂಗೈಯನ್ನು ಒಂದು ಕ್ಷಣ ತಿರುಗಿಸಿ ನೋಡಿದರು. ಆಮೇಲೆ ಟ್ರ್ಯಾಕ್ಟರಿನ ಟ್ರೇಲರ್ ತೋರಿಸಿ, ಹತ್ತಿ ಅಂದರು.

ಆ ವರ್ಷದ ಗೋಧಿ ವೆಸ್ಟ್ ಫೀಲ್ಡಿನಲ್ಲಿ. ಹೊಲದ ಮಣ್ಣು ಕೆಂಪು ಜೇಡಿ. ಇಳಿದ ಹತ್ತು ಹೆಜ್ಜೆಗೆ ಬೂಟು ಎರಡು ಪಟ್ಟು ಭಾರ. ಮಾವ ಒಂದು ಹೆಂಟೆ ಎತ್ತಿಕೊಂಡು ಬೆರಳಲ್ಲಿ ಹಿಸುಕಿದರು. ಉಂಡೆ ಮಾಡಿದರು. ಉಂಡೆ ಒಡೆಯಲಿಲ್ಲ. "ಬಣ್ಣ ನಮ್ಮ ಕೆಂಪು ಮಣ್ಣಿಂದು, ಗುಣ ಎರೆಮಣ್ಣಿಂದು," ಅಂದರು. ಗೋಧಿ ಆಗಷ್ಟೇ ಬೆರಳುದ್ದ ಎದ್ದಿತ್ತು. ಒಬ್ಬರ ಪಟ್ಟಿಗೂ ಇನ್ನೊಬ್ಬರ ಪಟ್ಟಿಗೂ ನಡುವೆ ಏನಿತ್ತು ಗೊತ್ತಾ? ಒಂದು ಸಾಲು. ಬರೀ ಒಂದು ಸಾಲು, ಅಂಗೈ ಅಗಲ. ಎರಡೂ ಕಡೆ ಅದೇ ಹಸಿರು.

ಗಡಿ ಗುರುತು ಮರದ ಗೂಟ. ಪಟ್ಟಿಯ ತುದಿಯಲ್ಲಿ ಒಬ್ಬರು ನಿಲ್ಲುತ್ತಾರೆ, ದೂರದ ಇನ್ನೊಂದು ತುದಿಯಲ್ಲಿ ಇನ್ನೊಬ್ಬರು. ಒಂದು ಕಣ್ಣು ಮುಚ್ಚಿ ನೇರ ನೋಡುತ್ತಾರೆ. ಕೈ ಎಡಕ್ಕೆ, ಸ್ವಲ್ಪ ಬಲಕ್ಕೆ, ಸಾಕು. ಹಳೇ ಗೂಟ ಕೊಳೆತಿದ್ದರೆ ಹೊಸದು. ಕೊಡತಿ ಹಿಡಿದವರು ಬಂದು ನಾಲ್ಕು ಏಟು ಹಾಕುತ್ತಾರೆ. ಒದ್ದೆ ಜೇಡಿಗೆ ಗೂಟ ಇಳಿಯುವಾಗ ಸದ್ದೇ ಇಲ್ಲ, ಕೊನೆಯ ಏಟಿಗೆ ಮಾತ್ರ ಒಂದು ಗಟ್ಟಿ ಸದ್ದು. ಮುಖ್ಯಸ್ಥರು ಪುಸ್ತಕದಲ್ಲಿ ಗೀಚಿಕೊಂಡು ಮುಂದೆ ನಡೆಯುತ್ತಾರೆ.

ಒಂದು ಕಡೆ ಎಲ್ಲರೂ ನಿಂತರು. ಊರ ದಾರಿಯ ಹುಲ್ಲಿನ ಅಂಚನ್ನು ಯಾರದೋ ನೇಗಿಲು ತಿಂದಿತ್ತು. ಹೆಚ್ಚೇನಲ್ಲ, ಒಂದು ಗೇಣು. ಮುಖ್ಯಸ್ಥರು ಹೆಜ್ಜೆ ಹಾಕಿ ಅಳೆದರು. ಆ ಪಟ್ಟಿ ಉಳುವಾತ ಅದೇ ಗುಂಪಿನಲ್ಲಿದ್ದ. ಹೌದು, ಟ್ರ್ಯಾಕ್ಟರ್ ತಿರುಗಿಸುವಾಗ ಆಯಿತು ಅಂದ. ಬರೆದುಕೊಂಡರು. ಮುಂದಿನ ವಾರ ನ್ಯಾಯಾಲಯ ಕೂತಾಗ ನಾಲ್ಕಾರು ಪೌಂಡ್ ದಂಡ. ಮಾವ ನನ್ನ ತೋಳು ಹಿಡಿದರು. "ಅವನೇ ಒಪ್ಪಿಕೊಂಡ್ನಾ?"

"ಒಪ್ಪಿಕೊಂಡ ಮಾವ."

"ಅಷ್ಟೇನಾ?"

"ಅಷ್ಟೇ."

ಮಾವ ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಅವರ ಮೌನ ಯಾಕೆ ಅಂತ ನನಗೆ ಗೊತ್ತು. ಅವರಿಗೂ ಚಿಕ್ಕಪ್ಪನ ಮಗನಿಗೂ ಒಂದೂವರೆ ಗುಂಟೆಯ ಒತ್ತುವರಿ ವ್ಯಾಜ್ಯ ಇತ್ತು. ಬದು ವರ್ಷಕ್ಕೆ ಒಂದು ಗೇಣು ಸರಿಯುತ್ತಾ ಬಂದಿತ್ತು. ಒಂದು ರಾತ್ರಿ ಬಾಂದುಕಲ್ಲೇ ಕಾಣಲಿಲ್ಲ. ಕೇಸು ಒಂಬತ್ತು ವರ್ಷ ನಡೆಯಿತು. ಅಷ್ಟರಲ್ಲಿ ಎರಡೂ ಮನೆಯ ಮದುವೆ, ಸಾವು, ನಾಮಕರಣ ಯಾವುದಕ್ಕೂ ಒಬ್ಬರು ಇನ್ನೊಬ್ಬರ ಮನೆ ಹೊಸ್ತಿಲು ತುಳಿಯಲಿಲ್ಲ. ನನ್ನ ಮದುವೆಗೂ ಆ ಚಿಕ್ಕಮಾವ ಬಂದಿರಲಿಲ್ಲ.

ಟ್ರೇಲರ್‌ನಲ್ಲಿ ಉಳಿದಿದ್ದ ಗೂಟವೊಂದನ್ನು ಮಾವ ಎತ್ತಿಕೊಂಡರು. ಮೊನೆ ಸವರಿ ನೋಡಿದರು. ಕೊಡಲಿಯಲ್ಲಿ ನಾಲ್ಕು ಕಡೆ ಕೆತ್ತಿ ಚೂಪು ಮಾಡಿದ್ದು, ಮರದ ನಾರು ಇನ್ನೂ ಹಸಿಯಾಗಿತ್ತು. ಟೋಪಿಯ ಹಿರಿಯರು ಅದನ್ನು ನೋಡಿ, ನಿಮ್ಮಲ್ಲಿ ಏನು ನೆಡುತ್ತೀರಿ ಅಂತ ಕೇಳಿದರು. ಕಲ್ಲು ಅಂತ ನಾನು ಹೇಳಿದೆ. ಕಲ್ಲು ಒಳ್ಳೆಯದು, ಕೊಳೆಯಲ್ಲ ಅಂದರು ಅವರು. ನಾನು ಅನುವಾದ ಮಾಡಿದೆ. ಮಾವ ಗೂಟವನ್ನು ನಿಧಾನವಾಗಿ ಕೆಳಗಿಟ್ಟು, "ಗೂಟ ಕೊಳೆಯೋದೇ ಒಳ್ಳೇದು ಅಂತ ಹೇಳಿ. ವರ್ಷವರ್ಷ ಎಲ್ಲಾರೂ ಬಂದು ನೋಡಬೇಕಾಗ್ತದೆ" ಅಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಟ್ರೇಲರ್‌ನಲ್ಲಿದ್ದವರೆಲ್ಲ ತಲೆಯಾಡಿಸಿದರು.

ಮಧ್ಯಾಹ್ನ ಜ್ಯೂರಿಗೆ ಪಬ್ಬಿನಲ್ಲಿ ಊಟ. ನಾವು ಇನ್ನೊಂದು ಮೂಲೆಯಲ್ಲಿ ಕೂತು ತರಕಾರಿ ಸೂಪು, ಬ್ರೆಡ್ಡು ತಿಂದೆವು. ಊಟ ಮುಗಿದ ಮೇಲೆ ಒಬ್ಬರು ಬಂದು ಕೂತು ನ್ಯಾಯಾಲಯದ ವಿಷಯ ಹೇಳಿದರು. ಅದರ ಹೆಸರು ಕೋರ್ಟ್ ಲೀಟ್. ಹಿಂದೆ ಇಂಗ್ಲೆಂಡಿನ ಊರೂರಲ್ಲಿ ಇಂಥವಿದ್ದವು. 1977ರ ಒಂದು ಕಾಯಿದೆ ಉಳಿದಿದ್ದ ಇಂಥ ನ್ಯಾಯಾಲಯಗಳ ಅಧಿಕಾರ ತೆಗೆದುಹಾಕಿತು. ಲ್ಯಾಕ್ಸ್‌ಟನ್ನಿನದನ್ನು ಮಾತ್ರ ಬಿಟ್ಟಿತು. ಅದು ಕೂರುವುದೂ ಇದೇ ಪಬ್ಬಿನಲ್ಲೇ. ಅಲ್ಲಿ ಮುಂದಿನ ಜ್ಯೂರಿಯ ಆಯ್ಕೆ, ದಂಡದ ತೀರ್ಮಾನ, ಜೊತೆಗೆ ಪಿಂಡರ್ ನೇಮಕ. ಪಿಂಡರ್ ಅಂದರೆ ಬೀಡಾಡಿ ದನ ಹಿಡಿದು ದೊಡ್ಡಿಗೆ ಹಾಕುವವನು. ಆ ದೊಡ್ಡಿ ಪಬ್ಬಿನ ಹತ್ತಿರವೇ ಇದೆ, ಸುತ್ತ ಗೋಡೆ, ಒಂದು ಬಾಗಿಲು. ದಂಡ ಕಟ್ಟಿ ದನ ಬಿಡಿಸಿಕೊಂಡು ಹೋಗಬೇಕಿತ್ತು. ನಮ್ಮೂರಲ್ಲಿ ದನದ ದೊಡ್ಡಿ ಇದ್ದದ್ದು ಮಾವನಿಗೆ ಚೆನ್ನಾಗಿ ನೆನಪಿದೆ. ಅದರ ಜಾಗದಲ್ಲಿ ಈಗ ಅಂಗಡಿ ಸಾಲು.

ಸಂಜೆ ಬೆಳಕು ಇರುವಷ್ಟರಲ್ಲಿ ಸೈಕ್ಸ್ ನೋಡಿ ಬಂದೆವು. ಹೊಲದ ನಡುವೆ, ಉಳಲು ಬಾರದ ತಗ್ಗು ಇಳಿಜಾರುಗಳಲ್ಲಿ ಬಿಟ್ಟ ಹುಲ್ಲುಗಾವಲು ಅದು. ಬೇಸಿಗೆಯಲ್ಲಿ ಇದರ ಹುಲ್ಲನ್ನು ರೈತರಿಗೆ ಹರಾಜು ಹಾಕುತ್ತಾರೆ. ಇಲ್ಲಿ ನೇಗಿಲು ತಾಗದೇ ಇರುವುದರಿಂದ ಹಳೇ ಕಾಡುಹೂಗಳು ಉಳಿದುಕೊಂಡಿವೆ, ಸರ್ಕಾರ ಇದನ್ನು ರಕ್ಷಿತ ಜಾಗ ಅಂತ ಗುರುತಿಸಿದೆ. ನಾವು ಹೋದಾಗ ಹೂವಿಲ್ಲ, ಬರೀ ಒದ್ದೆ ಹುಲ್ಲು. ಮಾವ ಗೋಮಾಳ ಅಂತ ಒಂದೇ ಮಾತು ಹೇಳಿದರು.

ಮೂರನೆಯ ದಿನ, ಶುಕ್ರವಾರ

ರಾತ್ರಿಯೆಲ್ಲ ಮಳೆ. ಬೆಳಗ್ಗೆ ಚರ್ಚಿಗೆ ಹೋದೆವು. ಸೇಂಟ್ ಮೈಕಲ್ ಚರ್ಚು, ಊರಿಗೆ ಹೋಲಿಸಿದರೆ ಬಹಳ ದೊಡ್ಡದು. ಒಳಗೆ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಪ್ರತಿಮೆಗಳಿವೆ. ಕಲ್ಲಿನ ಪ್ರತಿಮೆಗಳ ನಡುವೆ ಒಂದು ಮಾತ್ರ ಓಕ್ ಮರದ್ದು, 14ನೇ ಶತಮಾನದ ಒಬ್ಬ ಹೆಂಗಸು. ಮರದ ಎಳೆ ಬಿರುಕು ಬಿಟ್ಟು ಮುಖದ ಮೇಲೆ ಹಾದಿದೆ, ಕೈಗಳು ಎದೆಯ ಮೇಲೆ ಮುಗಿದಿವೆ. ಊರ ಉತ್ತರಕ್ಕೆ ಹಳೇ ಕೋಟೆಯ ಜಾಗ. ಕಲ್ಲು ಒಂದೂ ಕಾಣುವುದಿಲ್ಲ, ಹುಲ್ಲು ಬೆಳೆದ ದೊಡ್ಡ ಮಣ್ಣಿನ ದಿಬ್ಬ ಅಷ್ಟೇ. ಶೆರ್ವುಡ್ ಕಾಡಿನ ಮೇಲ್ವಿಚಾರಕರು ಇಲ್ಲಿಂದಲೇ ಆಡಳಿತ ಮಾಡುತ್ತಿದ್ದರು. ದಿಬ್ಬದ ಮೇಲೆ ನಿಂತರೆ ಗಾಳಿ ಕಿವಿ ಕೊಯ್ಯುತ್ತದೆ. ಕೆಳಗಿನ ಹುಲ್ಲುಗಾವಲಿನಲ್ಲಿ ಹಳೇ ಉಳುಮೆಯ ಏರುತಗ್ಗುಗಳು ಅಲೆ ಅಲೆಯಾಗಿ ಕಾಣುತ್ತವೆ. ಎಷ್ಟೋ ನೂರು ವರ್ಷದ ಹಿಂದೆ ಎತ್ತುಗಳು ತಿರುಗಿದ ಜಾಗದಲ್ಲಿ ಆ ಅಲೆಗಳು ಸಣ್ಣಗೆ ಬಾಗಿವೆ. ಮಾವ ಅದನ್ನು ಕೈಯಲ್ಲಿ ಬಳಸಿ ತೋರಿಸಿದರು, ನೊಗ ಹಿಡಿದು ತಿರುಗಿಸುವ ಹಾಗೆ.

ಅಲ್ಲಿಂದ ಆರೇಳು ಕಿಲೋಮೀಟರ್ ದೂರದ ಈಕ್ರಿಂಗ್‌ಗೆ ಹೋದೆವು. 1939ರಲ್ಲಿ ಇಲ್ಲಿ ಕಲ್ಲೆಣ್ಣೆ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಅಮೆರಿಕದಿಂದ ಕೊಳವೆ ಕೊರೆಯುವವರು ಗುಟ್ಟಾಗಿ ಬಂದು ಕೆಲಸ ಮಾಡಿದ ಕಾಡು ಇದು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಹೊಲದ ನಡುವಿನ ಒಂದು ಕಲ್ಲಿನ ಶಿಲುಬೆ.

ಡರ್ಬಿಶೈರ್‌ನ ಈಮ್ ಎಂಬ ಹಳ್ಳಿಗೆ 1665ರಲ್ಲಿ ಪ್ಲೇಗ್ ಬಂತು. ಅಲ್ಲಿನ ಪಾದ್ರಿ ವಿಲಿಯಂ ಮಾಂಪೆಸನ್, ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಊರವರನ್ನು ಒಪ್ಪಿಸಿ ಊರ ಗಡಿ ಮುಚ್ಚಿಸಿದರು. ಯಾರೂ ಹೊರಗೆ ಹೋಗಬಾರದು, ಅಕ್ಕಪಕ್ಕದ ಊರುಗಳಿಗೆ ರೋಗ ಹರಡಬಾರದು. ನೂರಾರು ಜನ ಸತ್ತರು. ಮಾಂಪೆಸನ್ನನ ಹೆಂಡತಿ ಕ್ಯಾಥರಿನ್ ಕೂಡ 1666ರ ಆಗಸ್ಟ್‌ನಲ್ಲಿ ತೀರಿಕೊಂಡಳು. ಆತ ಆಮೇಲೆ ಪಾದ್ರಿಯಾಗಿ ಬಂದದ್ದು ಈ ಈಕ್ರಿಂಗ್‌ಗೆ. ಪ್ಲೇಗಿನ ಊರಿಂದ ಬಂದವನು ಅಂತ ಜನ ಹೆದರಿದರು. ಚರ್ಚಿನೊಳಗೆ ಸೇರಿಸಲಿಲ್ಲ. ಆತ ಊರ ಹೊರಗೆ ಒಂದು ಮರದ ಕೆಳಗೆ ನಿಂತು ಬೋಧನೆ ಮಾಡಿದ ಅಂತ ಇಲ್ಲಿನವರು ಹೇಳಿಕೊಂಡು ಬಂದಿದ್ದಾರೆ. ಆ ಮರ ಈಗಿಲ್ಲ, ಜಾಗದಲ್ಲಿ ಶಿಲುಬೆ ಇದೆ. ಆತ ಅದೇ ಊರಲ್ಲೇ ಬದುಕಿ 1709ರಲ್ಲಿ ತೀರಿಕೊಂಡ.

ಮಾವ ಶಿಲುಬೆಯ ಮುಂದೆ ಮಂಕಿ ಟೋಪಿ ತೆಗೆದರು. "ನಮ್ಮಜ್ಜಿ ಪ್ಲೇಗಿನ ಕಾಲದ್ದು ಹೇಳೋಳು. ಮನೇಲಿ ಇಲಿ ಬಿದ್ರೆ ಊರೇ ಬಿಟ್ಟು ಹೊಲದಲ್ಲಿ ಗುಡಿಸ್ಲು ಹಾಕ್ಕೊಂಡು ಇರೋರಂತೆ. ನಮ್ಮೋರು ಹೊರಗೆ ಹೋದ್ರು. ಇವ್ರು ಒಳಗೇ ಉಳಿದ್ರಾ?" ಅಂದರು. ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂದ ಮೇಲೆ ಹಳೇ ಮೈಸೂರಿನ ಎಷ್ಟೋ ಊರುಗಳ ನೆನಪು ಇದು. ಪ್ಲೇಗಮ್ಮನ ಗುಡಿಗಳು ಇನ್ನೂ ಇವೆಯಲ್ಲ.

ಹೊತ್ತು ಉಳಿದಿತ್ತು ಅಂತ ಶೆರ್ವುಡ್ ಕಾಡಿಗೂ ಹೋಗಿ ಮೇಜರ್ ಓಕ್ ಎಂಬ ಹಳೇ ಮರ ನೋಡಿದೆವು. ರಾಬಿನ್ ಹುಡ್ ಹೆಸರಿನ ಅಂಗಡಿಗಳು ನಮಗೆ ಬೇಡವಾಗಿದ್ದವು. ಎಂಟುನೂರು ವರ್ಷಕ್ಕೂ ಹಳೇ ಮರ ಅಂತಾರೆ. ಕೊಂಬೆಗಳಿಗೆ ಕಂಬ ಕೊಟ್ಟು ನಿಲ್ಲಿಸಿದ್ದಾರೆ, ಸುತ್ತ ಬೇಲಿ. ನೋಡಲು ಬಂದವರ ಕಾಲ್ತುಳಿತಕ್ಕೇ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು ಇಳಿಯುತ್ತಿರಲಿಲ್ಲ, ಅದಕ್ಕೇ ಈ ಬೇಲಿ. ತೆಂಗಿನ ಬುಡ ತುಳಿಯಬೇಡಿ ಅಂತ ಮೊಮ್ಮಕ್ಕಳಿಗೆ ಗದರುವ ಮಾವನಿಗೆ ಅದನ್ನು ವಿವರಿಸಬೇಕಾಗಲಿಲ್ಲ.

ನಾಲ್ಕನೆಯ ದಿನ, ಶನಿವಾರ

ವಾಪಸ್ ಹೊರಡುವ ದಿನ. ದಾರಿಯಲ್ಲಿ ಸೌತ್‌ವೆಲ್‌ಗೆ ಹೋಗಲೇಬೇಕು ಅಂತ ನಾನು ಹಠ ಮಾಡಿದೆ. ಲ್ಯಾಕ್ಸ್‌ಟನ್ ಉಳಿದ ಕಥೆ ಅರ್ಥ ಆಗಬೇಕಾದರೆ ಉಳಿಯದ ಊರುಗಳ ಜನ ಎಲ್ಲಿಗೆ ಹೋದರು ಅಂತಲೂ ನೋಡಬೇಕಲ್ಲ.

ಊರೊಟ್ಟಿನ ಹೊಲ, ಗೋಮಾಳಗಳನ್ನು ಒಬ್ಬೊಬ್ಬರ ಹೆಸರಿಗೆ ಬೇಲಿ ಹಾಕಿ ಕೊಡುವ ಕಾಯಿದೆಗಳು ಇಂಗ್ಲೆಂಡಿನಲ್ಲಿ ಒಂದರ ಮೇಲೊಂದು ಬಂದವು. 1604ರಿಂದ 1914ರವರೆಗೆ 5,200ಕ್ಕೂ ಜಾಸ್ತಿ. ಒಟ್ಟು 68 ಲಕ್ಷ ಎಕರೆ, ದೇಶದ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಬೇಲಿ ಹಾಕಿದ ಮೇಲೆ ಇಳುವರಿ ಏರಿತು ಅನ್ನುವವರೂ ಇದ್ದಾರೆ, ಅದರಲ್ಲಿ ನಿಜವೂ ಇದೆ. ಆದರೆ ಒಂದು ಹಸು, ನಾಲ್ಕು ಬಾತು ಇಟ್ಟುಕೊಂಡು ಊರ ಹುಲ್ಲಿನಲ್ಲಿ ಬದುಕುತ್ತಿದ್ದ ಬಡವನಿಗೆ ಆಮೇಲೆ ಕೂಲಿಯೊಂದೇ ಗತಿ. ಕೂಲಿಯೂ ಸಿಗದಿದ್ದರೆ?

ಸೌತ್‌ವೆಲ್‌ನ ವರ್ಕ್‌ಹೌಸ್ ಅದಕ್ಕೊಂದು ಉತ್ತರ. ಗತಿಯಿಲ್ಲದ ಬಡವರನ್ನು ಇರಿಸಿಕೊಂಡು, ದುಡಿಸಿ, ಅನ್ನ ಹಾಕುತ್ತಿದ್ದ ಮನೆ ಅದು. 1824ರಲ್ಲಿ ಪಾದ್ರಿ ಜಾನ್ ಬೀಚರ್ ಮುಂದೆ ನಿಂತು ಕಟ್ಟಿಸಿದ್ದು. ದೂರದಿಂದ ನೋಡಿದರೆ ಶ್ರೀಮಂತರ ಬಂಗಲೆ ಅನ್ನಿಸುತ್ತದೆ. ಒಳಗೆ ಹೋದರೆ ಸುಣ್ಣ ಬಳಿದ ಖಾಲಿ ಕೋಣೆಗಳು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ, ಮಕ್ಕಳಿಗೆ ಬೇರೆ. ಅಂಗಳಗಳೂ ಬೇರೆ, ಮೆಟ್ಟಿಲುಗಳೂ ಬೇರೆ, ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಬಾರದು ಅಂತ. ಬಡತನ ಬಂದರೆ ಅನ್ನ ಕೊಡುತ್ತೇವೆ, ಆದರೆ ಬರಲು ಹೆದರಬೇಕು. ಅದೇ ಲೆಕ್ಕಾಚಾರ. 1834ರಲ್ಲಿ ಬಡವರ ಕಾಯಿದೆ ಬದಲಾದಾಗ ದೇಶಕ್ಕೆಲ್ಲ ಈ ಕಟ್ಟಡವೇ ಒಂದು ಮಾದರಿಯಾಯಿತು. ನಡುವೆ ಮೇಲ್ವಿಚಾರಕನ ಕೋಣೆ. ಅದರ ಕಿಟಕಿಗಳಲ್ಲಿ ನಿಂತರೆ ಅಂಗಳಗಳು ಕಾಣುತ್ತವೆ.

ಮಕ್ಕಳ ಅಂಗಳದಲ್ಲಿ ಮಾವ ಗೋಡೆಗೆ ಕೈ ಇಟ್ಟು ನಿಂತಿದ್ದರು. "ಇದರ ಆ ಕಡೆ ತಾಯಿ ಇರ್ತಿದ್ಲಾ?" ಅಂದರು. ಅದಕ್ಕೆ ನಾನೇನೂ ಹೇಳಲಿಲ್ಲ. ಮನೆಯಲ್ಲಿ ಹದಿನೆಂಟು ದಿನದ ಕೂಸು ಇದ್ದ ನಮಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಆಗಲಿಲ್ಲ.

ಲ್ಯಾಕ್ಸ್‌ಟನ್ ಹೇಗೆ ಉಳಿಯಿತು ಅಂತ ಕಾರಿನಲ್ಲಿ ಕೇಳಿದರು. ಊರಿನ ಒಡೆಯ ಅರ್ಲ್ ಮ್ಯಾನ್ವರ್ಸ್ 1952ರಲ್ಲಿ ಇದನ್ನು ಮಾರಬೇಕಾದಾಗ, ಈ ಪದ್ಧತಿ ಸಾಯಬಾರದು ಅಂತ ಸರ್ಕಾರದ ಕೃಷಿ ಇಲಾಖೆಯೇ ಕೊಂಡಿತು. 1981ರಲ್ಲಿ ಅದು ರಾಜಮನೆತನದ ಹೆಸರಿನ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಹೋಯಿತು, 2020ರಲ್ಲಿ ಮತ್ತೆ ಹಳೇ ಒಡೆಯರ ಥೋರ್ಸ್‌ಬಿ ಎಸ್ಟೇಟ್‌ಗೇ ಬಂತು. ರೈತರು ಗೇಣಿದಾರರು. ನೆಲ ಅವರದಲ್ಲ ಅಂತ ಕೇಳಿ ಮಾವನಿಗೆ ಬೇಸರವಾಯಿತು. ನನಗೂ ಆ ಬೇಸರ ಇದೆ. ಗೂಟ ಹೊಡೆಯುವವರ ಕೈಯಲ್ಲೇ ಪತ್ರವೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಸೌತ್‌ವೆಲ್ ಮಿನ್‌ಸ್ಟರ್ ಚರ್ಚಿನ ಸಭಾಮಂಟಪವನ್ನು ನೋಡದೆ ಯಾರೂ ಬರಬೇಡಿ. 13ನೇ ಶತಮಾನದ ಕೊನೆಯಲ್ಲಿ ಕಲ್ಲುಕುಟಿಗರು ಅಲ್ಲಿ ದೇವರನ್ನು ಬಿಟ್ಟು ಎಲೆಗಳನ್ನು ಕೆತ್ತಿದ್ದಾರೆ. ಓಕ್, ದ್ರಾಕ್ಷಿ, ಐವಿ, ಹಾಥಾರ್ನ್. ಅಲಂಕಾರಕ್ಕೆ ಸುಮ್ನೆ ಬಿಡಿಸಿದ ಬಳ್ಳಿಗಳಲ್ಲ. ಒಂದೊಂದು ಎಲೆಯೂ ಯಾವ ಗಿಡದ್ದು ಅಂತ ಹೆಸರು ಹೇಳಬಹುದು. ಬೇಲೂರಿನ ಬಳಪದ ಕಲ್ಲಿನ ಕುಸುರಿ ನೋಡಿದ ನಮಗೂ ಇಲ್ಲಿ ಕಣ್ಣು ತೆಗೆಯಲಾಗಲಿಲ್ಲ. ಮೂರು ದಿನದಿಂದ ದಾರಿಬದಿಯಲ್ಲಿ ನೋಡಿದ್ದ ಮುಳ್ಳುಬೇಲಿಯ ಎಲೆಯನ್ನು ಮಾವ ಒಂದು ಕಂಬದ ತಲೆಯಲ್ಲಿ ಗುರುತು ಹಿಡಿದರು.

ಹೊರಗೆ ಒಂದು ಅಂಗಡಿಯಲ್ಲಿ ಬ್ರಾಮ್ಲಿ ಸೇಬು ಇಟ್ಟಿದ್ದರು. ಈ ಸೇಬು ಹುಟ್ಟಿದ್ದೇ ಈ ಊರಲ್ಲಿ. 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬೀಜ ಹಾಕಿ ಬೆಳೆಸಿದ ಗಿಡ. ಹೆಸರು ಬಂದದ್ದು ಮಾತ್ರ ಆಮೇಲೆ ಆ ಮನೆ ಕೊಂಡ ಮ್ಯಾಥ್ಯೂ ಬ್ರಾಮ್ಲಿ ಎಂಬ ಕಟುಕನಿಗೆ. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತದೆ. ದೊಡ್ಡದು, ಹಸಿರು, ಮೈ ಸ್ವಲ್ಪ ಸೊಟ್ಟ. ಮಾವ ಒಂದು ಕಚ್ಚಿ ಕಣ್ಣು ಮುಚ್ಚಿದರು. ಆಮೇಲೆ ಎರಡು ಕಿಲೋ ತೂಗಿಸಿದರು.

ರಾತ್ರಿ ಒಂಬತ್ತಕ್ಕೆ ಮನೆ. ಅತ್ತೆ ಒಂದು ಸೇಬು ಹೆಚ್ಚಿ, ಹೋಳು ಬಾಯಿಗೆ ಹಾಕಿಕೊಂಡು, "ಒಳ್ಳೇ ತೋತಾಪುರಿ ಕಾಯಿ ಹಂಗೈತೆ" ಅಂದರು. ಸಾಸಿವೆ, ಇಂಗು, ಬೆಲ್ಲ ಹಾಕಿ ಗೊಜ್ಜು ಕುದಿಯತೊಡಗಿತು. ಮಾವ ನನ್ನ ಮಗಳ ಆಸ್ಪತ್ರೆ ಚೀಟಿಯೊಂದರ ಹಿಂದೆ ಮೂರು ಹೊಲ ಬರೆದು, ಒಳಗೆ ಗೆರೆ ಎಳೆಯುತ್ತಾ ಅತ್ತೆಗೆ ತೋರಿಸುತ್ತಿದ್ದರು. "ನೋಡು, ಇದು ಒಬ್ಬಂದು. ಇದು ಪಕ್ಕದೋನ್ದು. ಮಧ್ಯೆ ಏನೂ ಇಲ್ಲ. ಒಂದು ಸಾಲು, ತುದೀಲೊಂದು ಗೂಟ."

ಅತ್ತೆ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದರು. "ಮತ್ತೆ ಜಗಳ?"

"ಬರ್ಕೋತಾರೆ," ಅಂದರು ಮಾವ. ಇನ್ನೊಂದು ಗೆರೆ ಎಳೆದರು.